ಲಾಯರ್ ಆಗಲು ಬಿಕಾಂ ಒಂದೇ ದಾರಿಯಲ್ಲ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದೇ ಮಾತು: ‘ಲಾ ಆಮೇಲೆ ನೋಡುವ, ಈಗ ಬಿಕಾಂ ಮಾಡು. ಗಲ್ಫಿಗಾದರೂ ಆಗ್ತದೆ.’ ಮಗಳಿಗೆ ಇತಿಹಾಸ ಇಷ್ಟವೋ, ಮಗನಿಗೆ ವಿಜ್ಞಾನವೋ ಎಂದು ನಾವು ಕೇಳುವುದೇ ಇಲ್ಲ.

ಪದವಿಯ ನಂತರದ ಮೂರು ವರ್ಷದ ಎಲ್‌ಎಲ್‌ಬಿಗೆ ಇಂಥದ್ದೇ ವಿಷಯ ಓದಿರಬೇಕೆಂಬ ನಿಯಮವಿಲ್ಲ. ಬಾರ್ ಕೌನ್ಸಿಲ್ ನೋಡುವುದು ಅಂಕ: ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ಮನಸ್ಸಿಲ್ಲದ ವಿಷಯ ಓದಿ ಅಂಕ ಕುಸಿದರೆ ಆ ಬಾಗಿಲೇ ಮುಚ್ಚುತ್ತದೆ.

ಬಿಕಾಂ ಕೆಟ್ಟದ್ದಲ್ಲ, ತೆರಿಗೆ, ಕಂಪೆನಿ ವ್ಯವಹಾರಗಳ ಕೇಸಿಗೆ ಉಪಕಾರವಾಗುತ್ತದೆ. ರಾಜ್ಯಶಾಸ್ತ್ರ ಓದಿದವರಿಗೆ ಸಂವಿಧಾನ ಹೊಸದಲ್ಲ. ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ, ಎಂಜಿನಿಯರಿಂಗ್‌ನಂಥ ಪದವಿಯೇ ಬೇಕು.

ಯಾವುದೇ ಓದಲಿ, ದಪ್ಪ ಪುಸ್ತಕ ಓದುವ, ನೇರವಾಗಿ ಬರೆಯುವ ಅಭ್ಯಾಸ ಇರಬೇಕು. ಮನೆಯಲ್ಲಿ ಬ್ಯಾರಿ ಮಾತಾಡುವ ನಮ್ಮ ಮಕ್ಕಳಿಗೆ ಕನ್ನಡವೂ ಗಟ್ಟಿ ಬೇಕು. ಪಹಣಿ, ಪೊಲೀಸ್ ದೂರು ಕನ್ನಡದಲ್ಲೇ ಇರುತ್ತವೆ.

ಕಾಲೇಜಿನ ಅರ್ಜಿ ತುಂಬುವ ಮೊದಲು ಮಕ್ಕಳನ್ನು ಹತ್ತಿರ ಕೂರಿಸಿ ಒಮ್ಮೆ ಕೇಳುವ. ಮೂರು ವರ್ಷ ಓದಬೇಕಾದವರು ಅವರು, ನಾವಲ್ಲ.