ಊರೂ ಕಲಿಯಬೇಕಾದ ಪಾಠ

ಸ್ವಲೀನತೆ ಎಂದರೆ ಮಕ್ಕಳಿಗೆ ಸಂಬಂಧಿಸಿದ ವಿಷಯ ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ‘ಆಟಿಸಂ’ ಎಂಬ ಮಾತಿಗೆ ಕನ್ನಡದಲ್ಲಿ ಬಳಕೆಗೆ ಬಂದಿರುವ ಪದವಿದು. ಅದರ ಬಗ್ಗೆ ಲೇಖನ ಬಂದರೆ ಪಕ್ಕದ ಚಿತ್ರದಲ್ಲಿ ನಾಲ್ಕೈದು ವರ್ಷದ ಮಗುವೇ ಇರುತ್ತದೆ. ಆದರೆ ಆ ಮಗು ಬೆಳೆಯುತ್ತದಲ್ಲವೇ? ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಮಗು ಮೀಸೆ ಬಂದ ಯುವಕನಾಗಿ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿರುತ್ತಾನೆ. ಟಿ. ನರಸೀಪುರದ ಅಂಗಡಿ ಬೀದಿಯಲ್ಲಿ ಯಾರ ಮುಖವನ್ನೂ ನೋಡದೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾ ತಾಯಿಯ ಹಿಂದೆ ನಡೆಯುತ್ತಿರುತ್ತಾನೆ. ಚಿಕ್ಕವನಿದ್ದಾಗ ‘ಪಾಪ’ ಎಂದವರೇ ಈಗ ದೂರ ಸರಿಯುತ್ತಾರೆ. ‘ಕುಡಿದಿದ್ದಾನೇನೋ’ ಎನ್ನುತ್ತಾರೆ. ಈ ವಾರ ಆ ಯುವಕನನ್ನು ಸ್ವಲ್ಪ ತಿಳಿದುಕೊಳ್ಳೋಣ.

ಸ್ವಲೀನತೆ ಅಂಟುರೋಗವಲ್ಲ. ಹುಚ್ಚೂ ಅಲ್ಲ. ಮಿದುಳು ಬೆಳೆಯುವ ಕ್ರಮದಲ್ಲೇ ಇರುವ ಒಂದು ವ್ಯತ್ಯಾಸ. ಅದು ಬಾಲ್ಯದಿಂದ ಬಂದು ಬದುಕಿನುದ್ದಕ್ಕೂ ಇರುತ್ತದೆ. ಇತರರೊಡನೆ ಬೆರೆಯುವ ರೀತಿ, ಮಾತು, ಆಸಕ್ತಿ, ಇಂದ್ರಿಯಗಳ ಅನುಭವ ಇವುಗಳಲ್ಲಿ ಆ ವ್ಯತ್ಯಾಸ ಕಾಣುತ್ತದೆ. ಕೆಲವರು ಮಾತೇ ಆಡುವುದಿಲ್ಲ. ಕೆಲವರು ಪದವಿ ಪಡೆದು ಕೆಲಸದಲ್ಲಿದ್ದಾರೆ. ಕಾರಣಗಳಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದರು. ಅದು ಶುದ್ಧ ಸುಳ್ಳೆಂದು ಗೊತ್ತಾಗಿದೆ. ಲಸಿಕೆಗೆ ನಂಟು ಕಟ್ಟಿದ 1998ರ ಪ್ರಬಂಧವನ್ನು ಅದನ್ನು ಅಚ್ಚು ಮಾಡಿದ್ದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಗ್ರಹಚಾರ, ಶಾಪ ಎಂಬ ಮಾತುಗಳಿಗಂತೂ ಆಧಾರವೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಸ್ವಲೀನತೆ ಇತ್ತು. ಈ ಲೆಕ್ಕ ಹಿಡಿದರೆ 500 ಮಂದಿ ಸೇರಿದ ಕಡೆ ಮೂರು ನಾಲ್ಕು ಜನ ಇರಬಹುದು. ಅಂದರೆ ಅವರು ನಮ್ಮೂರಲ್ಲೂ ಇದ್ದಾರೆ. ಅವರಿಗಿರುವುದು ಸ್ವಲೀನತೆ ಎಂದು ಯಾರೂ ಹೇಳಿಲ್ಲ ಅಷ್ಟೆ. ‘ಒಂಥರಾ ಮನುಷ್ಯ’ ಎಂದು ಹೇಳಿ ಸುಮ್ಮನಾಗಿದ್ದೇವೆ.

ಈಗ ಅವನು ಕಿವಿ ಮುಚ್ಚಿಕೊಂಡದ್ದೇಕೆ ನೋಡೋಣ. ನೀವು ತರಗತಿಯಲ್ಲಿ ಕುಳಿತಿದ್ದೀರಿ. ಫ್ಯಾನು ತಿರುಗುತ್ತಿದೆ, ಹೊರಗೆ ಲಾರಿ ಹೋಗುತ್ತಿದೆ, ಹಿಂದಿನ ಬೆಂಚಿನಲ್ಲಿ ಯಾರೋ ಪುಟ ತಿರುವುತ್ತಿದ್ದಾರೆ. ಆದರೂ ನಿಮಗೆ ಮೇಷ್ಟ್ರ ಮಾತು ಕೇಳುತ್ತದೆ. ಬೇಕಾದ ಸದ್ದನ್ನು ಮುಂದಿಟ್ಟು ಬೇಡವಾದುದನ್ನು ಹಿಂದೆ ಸರಿಸುವ ಕೆಲಸವನ್ನು ಮಿದುಳು ನಿಮಗೆ ತಿಳಿಯದಂತೆಯೇ ಮಾಡುತ್ತಿರುತ್ತದೆ. ಸ್ವಲೀನತೆ ಇರುವ ಅನೇಕರಲ್ಲಿ ಈ ಜರಡಿ ಬೇರೆ ರೀತಿ ಕೆಲಸ ಮಾಡುತ್ತದೆ. ಎಲ್ಲ ಸದ್ದೂ ಒಟ್ಟಿಗೆ, ಒಂದೇ ಜೋರಿನಲ್ಲಿ ನುಗ್ಗಿಬಿಡುತ್ತವೆ. ನಂಜನಗೂಡಿನ ದೊಡ್ಡ ಜಾತ್ರೆಯನ್ನು ನೆನೆಸಿಕೊಳ್ಳಿ. ಐದು ರಥ, ವಾದ್ಯ, ಮೈಕು, ಜೈಕಾರ, ತಳ್ಳಾಟ, ಬಿಸಿಲು. ನಮಗದು ಸಂಭ್ರಮ, ಅವನಿಗೆ ನೋವು. ತಡೆಯಲಾರದೆ ಅವನು ಕೂಗಿದರೆ, ನೆಲಕ್ಕೆ ಬಿದ್ದರೆ ಅದು ಹಟವಲ್ಲ. ಆಗ ಸುತ್ತ ಗುಂಪುಗೂಡಿ ಹತ್ತು ಜನ ಹತ್ತು ಮಾತು ಆಡಿದರೆ ಅವನ ಸಂಕಟ ಹೆಚ್ಚುತ್ತದೆ. ಗದ್ದಲವಿಲ್ಲದ ಕಡೆಗೆ ದಾರಿ ಬಿಟ್ಟು, ಕಡಿಮೆ ಮಾತಾಡಿ, ಸ್ವಲ್ಪ ಹೊತ್ತು ಕಾದರೆ ಅದೇ ದೊಡ್ಡ ಉಪಕಾರ.

ಮಾತಿನ ವಿಷಯವೂ ಹಾಗೆಯೇ. ‘ತಲೆ ತಿನ್ನಬೇಡ’, ‘ಕಾಲೆಳೆಯಬೇಡ’, ‘ಕಿವಿ ಹಿಂಡುತ್ತೇನೆ’ ಎಂದು ನಾವು ದಿನವೂ ಹೇಳುತ್ತೇವೆ. ಪದದ ಅರ್ಥವನ್ನು ಇದ್ದದ್ದು ಇದ್ದಂತೆ ಹಿಡಿಯುವವನಿಗೆ ಇವೆಲ್ಲ ಎಷ್ಟು ವಿಚಿತ್ರ! ‘ಐದು ನಿಮಿಷದಲ್ಲಿ ಬರ್ತೀನಿ’ ಎಂದವರು ಅರ್ಧ ಗಂಟೆ ಬಿಟ್ಟು ಬಂದರೆ ಅವನಿಗದು ಸುಳ್ಳು. ಯೋಚಿಸಿ ನೋಡಿದರೆ ಅವನ ಮಾತೂ ತಪ್ಪಲ್ಲ.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ವೈದ್ಯರಿಂದ ಸ್ವಲ್ಪ, ಸ್ವಲೀನತೆ ಇರುವ ವಯಸ್ಕರೇ ಬರೆದು ಹೇಳಿದ್ದರಿಂದ ಬಹಳ. 1947ರಲ್ಲಿ ಹುಟ್ಟಿದ ಅಮೆರಿಕದ ಟೆಂಪಲ್ ಗ್ರಾಂಡಿನ್ ಮೂರು ವರ್ಷ ದಾಟಿದರೂ ಮಾತಾಡಿರಲಿಲ್ಲ. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ತಾನು ಪದಗಳಲ್ಲಿ ಅಲ್ಲ, ಚಿತ್ರಗಳಲ್ಲಿ ಯೋಚಿಸುತ್ತೇನೆ ಎಂದು ವಿವರಿಸಿದರು. ದನಗಳು ಬೆದರುವುದೇಕೆ ಎಂದು ತಿಳಿಯಲು ಅವು ಹೋಗುವ ಓಣಿಗೇ ಇಳಿದು, ನೆರಳು, ನೇತಾಡುವ ಸರಪಳಿಯಂಥ ಸಣ್ಣ ಸಂಗತಿಗಳನ್ನು ದನದ ಕಣ್ಣಿನಿಂದ ನೋಡಿದರು. ನಮ್ಮ ದೇಶದವರೇ ಆದ, 1989ರಲ್ಲಿ ಹುಟ್ಟಿದ ಟಿಟೊ ಮುಖೋಪಾಧ್ಯಾಯ ಬಾಲ್ಯದ ಕೆಲವು ವರ್ಷಗಳನ್ನು ಕರ್ನಾಟಕದಲ್ಲೇ ಕಳೆದವರು. ಬಾಯಿಮಾತು ಬಹಳ ಕಷ್ಟವಾಗಿದ್ದ ಅವರ ಬರಹಗಳ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ತನ್ನ ದೇಹ ಚೆಲ್ಲಾಪಿಲ್ಲಿಯಾದಂತೆ ಅನಿಸುತ್ತಿತ್ತೆಂದೂ ಅದನ್ನು ಒಟ್ಟುಗೂಡಿಸಿಕೊಳ್ಳಲು ಗಿರಗಿರನೆ ತಿರುಗುತ್ತಿದ್ದೆನೆಂದೂ ಅದರಲ್ಲಿದೆ. ತಾಯಿ ಅವರಿಗೆ ಕಲಿಸಿದ ಪದ್ಧತಿಯನ್ನು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಒಪ್ಪಲಿಲ್ಲ. ಹಾಗಾಗಿ ಯಾರಾದರೂ ಆ ಪದ್ಧತಿಯನ್ನು ಸಲಹೆ ಮಾಡಿದರೆ ತಜ್ಞರನ್ನು ಕೇಳದೆ ಒಪ್ಪಬೇಡಿ.

ಆದರೆ ಈ ಅಂಕಣ ಬರೆಯುವಾಗ ನನ್ನ ಮನಸ್ಸಿನಲ್ಲಿರುವುದು ಡೊನಾಲ್ಡ್ ಟ್ರಿಪ್ಲೆಟ್ ಎಂಬ ಇನ್ನೊಬ್ಬರು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಕುರಿತು ಪ್ರಬಂಧ ಬರೆದು ಸ್ವಲೀನತೆಯನ್ನು ಜಗತ್ತಿಗೆ ಪರಿಚಯಿಸಿದರು. ಅದರಲ್ಲಿ ಮೊದಲನೆಯ ಮಗು ಈ ಡೊನಾಲ್ಡ್. 1933ರಲ್ಲಿ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವರು. ವೈದ್ಯರ ಮಾತಿನಂತೆ ಅವರನ್ನು ಚಿಕ್ಕಂದಿನಲ್ಲೇ ಒಂದು ಸಂಸ್ಥೆಗೆ ಸೇರಿಸಿದ್ದರು. ಮಗು ಅಲ್ಲಿ ಬಾಡಿಹೋಗುತ್ತಿದೆ ಎಂದು ಕಂಡು ತಂದೆತಾಯಿ ಸುಮಾರು ಒಂದು ವರ್ಷದಲ್ಲಿ ಮನೆಗೆ ಕರೆತಂದರು. ಮುಂದೆ ಕೆಲವು ಕಾಲ ಹತ್ತಿರದ ರೈತ ದಂಪತಿ ಅವರನ್ನು ನೋಡಿಕೊಂಡರು. ಹುಡುಗನಿಗೆ ಎಣಿಸುವ, ಅಳೆಯುವ ಹುಚ್ಚು. ‘ಎಣಿಸಬೇಡ’ ಎಂದು ಆ ರೈತ ಗದರಲಿಲ್ಲ. ಬಾವಿಯ ಆಳ ಅಳೆಯಲು ಬಿಟ್ಟ, ಉಳುವಾಗ ಜೋಳದ ಸಾಲು ಎಣಿಸಲು ಹೇಳಿದ. ಎಣಿಸುತ್ತಲೇ ಹುಡುಗ ಉಳುವುದನ್ನು ಕಲಿತ!

ಡೊನಾಲ್ಡ್ ಊರಿನ ಶಾಲೆಯಲ್ಲಿ ಓದಿದರು, 1958ರಲ್ಲಿ ಪದವಿ ಪಡೆದರು, ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. 27ನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತು, ಅನೇಕ ದೇಶಗಳನ್ನು ಒಬ್ಬರೇ ಸುತ್ತಿ ಬಂದರು. 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮನೆತನ ಸ್ಥಿತಿವಂತರದು, ಬ್ಯಾಂಕೂ ಕುಟುಂಬದವರದೇ ಎಂಬುದು ನಿಜ. ಆದರೆ ಹಣ ಕೊಟ್ಟು ಕೊಳ್ಳಲಾಗದ ಒಂದು ವಸ್ತು ಅವರಿಗೆ ಸಿಕ್ಕಿತ್ತು. ಊರಿನವರು ಅವರನ್ನು ‘ನಮ್ಮವನು’ ಎಂದುಕೊಂಡಿದ್ದರು. ಪತ್ರಕರ್ತರು ಅವರನ್ನು ಹುಡುಕಿಕೊಂಡು ಹೋದಾಗ, ‘ಅವನಿಗೆ ನೋವು ಮಾಡಿದರೆ ಸುಮ್ಮನಿರುವುದಿಲ್ಲ’ ಎಂದು ಊರವರೇ ಎಚ್ಚರಿಸಿದ್ದರಂತೆ. ಮಾತು ಕಡಿಮೆ, ನಡೆ ವಿಚಿತ್ರ ಎಂಬುದು ಕೊನೆಯವರೆಗೂ ಇತ್ತು. ಅದಕ್ಕೆ ಊರು ಹೊಂದಿಕೊಂಡಿತ್ತು.

ಈ ವಿಷಯದಲ್ಲಿ ನಮ್ಮಂಥ ಊರುಗಳಿಗೆ ದೊಡ್ಡ ನಗರಗಳಿಗಿಲ್ಲದ ಅನುಕೂಲವಿದೆ. ನಂಜನಗೂಡಿನಲ್ಲಾಗಲಿ ನರಸೀಪುರದಲ್ಲಾಗಲಿ ಅಂಗಡಿಯವರಿಗೆ ಗಿರಾಕಿಯ ಮನೆ ಗೊತ್ತು, ಕಂಡಕ್ಟರಿಗೆ ದಿನದ ಪ್ರಯಾಣಿಕರ ಮುಖ ಗೊತ್ತು. ಅಕ್ಕಿ ಗಿರಣಿಯಲ್ಲೋ ಗೊಬ್ಬರದಂಗಡಿಯಲ್ಲೋ ಚೀಲ ಎಣಿಸಿ, ಲೆಕ್ಕ ಬರೆದು, ಸಾಮಾನು ಜೋಡಿಸುವ ಕೆಲಸವಿದೆ. ದಿನವೂ ಒಂದೇ ಕ್ರಮದಲ್ಲಿ, ತಪ್ಪಿಲ್ಲದೆ ಮಾಡಬೇಕಾದ ಇಂಥ ಕೆಲಸ ಕೆಲವರಿಗೆ ಒಗ್ಗುತ್ತದೆ. ಎಲ್ಲರಿಗೂ ಒಗ್ಗದು, ಕೆಲವರಿಗೆ ಜೀವನವಿಡೀ ಒಬ್ಬರ ಆಸರೆ ಬೇಕು. ಅವರಿಗೂ ಊರಿನಲ್ಲಿ ಸ್ಥಾನ ಬೇಕಲ್ಲವೇ?

ವಿದ್ಯಾರ್ಥಿಗಳೇ, ನೀವು ಮಾಡಬಹುದಾದದ್ದು ಸುಲಭ. ಅಂಥ ಸಹಪಾಠಿಯೊಡನೆ ನೇರವಾಗಿ, ಚಿಕ್ಕ ವಾಕ್ಯದಲ್ಲಿ ಮಾತಾಡಿ. ಉತ್ತರಕ್ಕೆ ಸ್ವಲ್ಪ ಕಾಯಿರಿ. ಕಣ್ಣು ಕೊಟ್ಟು ನೋಡು ಎಂದು ಒತ್ತಾಯಿಸಬೇಡಿ. ನೋಡದೆಯೂ ಅವನು ಕೇಳಿಸಿಕೊಳ್ಳುತ್ತಾನೆ. ಕೇಳದೆ ಮುಟ್ಟಬೇಡಿ. ಅವನ ಕೈಯಾಡಿಸುವಿಕೆಯನ್ನು ಅಣಕಿಸುವವರೊಡನೆ ನಗಬೇಡಿ. ಅವನಿಗೆ ಇಷ್ಟವಾದ ವಿಷಯ ಬಸ್ಸಿನ ನಂಬರೋ ನಕ್ಷತ್ರವೋ ಆಗಿದ್ದರೆ ಅದರಿಂದಲೇ ಸ್ನೇಹ ಶುರು ಮಾಡಿ.

ಇನ್ನು ಪೋಷಕರಿಗೆ. ಸಂದೇಹವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ನಂಜನಗೂಡಿನಿಂದ ಒಂದು ಗಂಟೆಯ ದಾರಿ. ‘ಪೂರ್ತಿ ವಾಸಿ ಮಾಡುತ್ತೇವೆ’ ಎಂದು ಹಣ ಕೇಳುವವರ ಬಾಗಿಲಿಗೆ ಹೋಗಬೇಡಿ. 1995ರ ಅಂಗವಿಕಲರ ಕಾಯಿದೆಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು. 2016ರ ಕಾಯಿದೆಯ 21 ವೈಕಲ್ಯಗಳಲ್ಲಿ ಅದೂ ಒಂದು. ಸರ್ಕಾರಿ ಹುದ್ದೆಗಳ ಮೀಸಲಾತಿಯಲ್ಲೂ ಪಾಲಿದೆ. ಇವಕ್ಕೆಲ್ಲ ಪ್ರಮಾಣಪತ್ರ ಬೇಕು. ನಾಚಿಕೆಪಟ್ಟು ಅದನ್ನು ಮಾಡಿಸದೆ ಬಿಟ್ಟರೆ ನಷ್ಟ ಮಗುವಿನದು.

‘ನಮ್ಮ ನಂತರ ಯಾರು?’ ಎಂಬ ಚಿಂತೆ ಎಲ್ಲ ತಂದೆತಾಯಿಯರದು. 18 ದಾಟಿದವರಿಗೆ ಅಗತ್ಯವಿದ್ದರೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಸಮಿತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿದೆ; ವಿಚಾರಿಸಿ. ಅದರ ಜೊತೆಗೆ ಇನ್ನೊಂದು ಕೆಲಸ ಇಂದೇ ಆರಂಭವಾಗಲಿ. ನೆಂಟರು ಬಂದಾಗ ಅವನನ್ನು ಒಳಕೋಣೆಗೆ ಕಳುಹಿಸಬೇಡಿ. ಸಂತೆಗೆ, ಸಂಗಮದ ದಡಕ್ಕೆ, ಜನ ಕಡಿಮೆ ಇರುವ ಬೆಳಗಿನ ಹೊತ್ತು ದೇವಸ್ಥಾನಕ್ಕೆ ಕರೆದೊಯ್ಯಿರಿ. ಯಾರಾದರೂ ‘ಏನಮ್ಮ, ಮಗನಿಗೆ ಏನಾಗಿದೆ?’ ಎಂದರೆ, ‘ಇವನಿಗೆ ಸ್ವಲೀನತೆ ಇದೆ, ಹೆಸರು ಹಿಡಿದು ಮಾತಾಡಿಸಿ’ ಎಂದು ತಲೆ ಎತ್ತಿ ಹೇಳಿ. ನಾಳೆ ನೀವಿಲ್ಲದ ದಿನ ದಾರಿ ತಪ್ಪಿ ನಿಂತರೆ ಅವನನ್ನು ಮನೆಗೆ ತಲುಪಿಸುವವರು ಇಂದು ಅವನ ಹೆಸರು ಕಲಿತವರೇ.