‘ಈಗಲೇ ಬೇಡ’ ಎನ್ನುವ ಪ್ರೋಟೀನುಗಳು

ಸಾಲ್ಮೊನೆಲ್ಲಾ ಎಂದರೆ ನಮಗೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ; ಟೈಫಾಯ್ಡ್ ತರುವುದೂ ಅದರದೇ ಒಂದು ಬಗೆ. ವಿಜ್ಞಾನಿಗಳ ಕಣ್ಣು ಮಾತ್ರ ಬಹುಕಾಲದಿಂದ ಅದು ಈಜಲು ಬಳಸುವ ಬಾಲದಂಥ ಕಶಾಂಗದ ಮೇಲೆ. ಸೆಕೆಂಡಿಗೆ ನೂರಾರು ಸುತ್ತು ತಿರುಗುವ ಅದರ ಮೋಟಾರನ್ನು ಹೊಗಳಿದವರು ಬಹಳ. 2005ರಲ್ಲಿ ವಿಕಾಸವಾದದ ಪಾಠದ ಕುರಿತ ಅಮೆರಿಕದ ಡೋವರ್ ಶಾಲಾ ಮೊಕದ್ದಮೆಯಲ್ಲಿ ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು, ಸೃಷ್ಟಿಕರ್ತನ ಪರ ಸಾಕ್ಷಿಯಾಗಿ! ನನಗೆ ಮೋಟಾರಿಗಿಂತ ಹೆಚ್ಚಿನ ಬೆರಗು ಅದನ್ನು ಕಟ್ಟುವಾಗ ಅಡ್ಡ ನಿಲ್ಲುವ ಪ್ರೋಟೀನುಗಳದು.

ಕಶಾಂಗದ ಉದ್ದನೆಯ ಎಳೆ ಫ್ಲಾಜೆಲಿನ್ ಎಂಬ ಪ್ರೋಟೀನಿನ ಸುಮಾರು 20,000 ಅಣುಗಳಿಂದಾದದ್ದು. ಕೂದಲಿನ ಹಾಗೆ ಬುಡದಲ್ಲಿ ಬೆಳೆಯದೆ ಅದು ತುದಿಯಲ್ಲಿ ಬೆಳೆಯುತ್ತದೆ. ಒಳಗೆ ತಯಾರಾದ ಪ್ರತಿ ಅಣುವೂ ಎಳೆಯ ನಡುವಿನ, ಸುಮಾರು 2 ನ್ಯಾನೊಮೀಟರ್ ಅಗಲದ ಕೊಳವೆಯಲ್ಲಿ ಮಡಿಕೆ ಬಿಚ್ಚಿಕೊಂಡು ನುಸುಳಬೇಕು. ಒಂದಕ್ಕೊಂದು ಅಂಟುವುದು ಫ್ಲಾಜೆಲಿನ್ನಿನ ಗುಣ. ಆದರೆ ಜೀವಕೋಶದ ಒಳಗೇ ಅಂಟಿಕೊಂಡರೆ ಎಳೆಯೂ ಇಲ್ಲ, ಈಜೂ ಇಲ್ಲ. ಹಾಗಾಗದಂತೆ ಫ್ಲಿ-ಎಸ್ ಎಂಬ ಪುಟ್ಟ ಪ್ರೋಟೀನು ಅದರ ಅಂಟುವ ತುದಿಯನ್ನು ಹಿಡಿದುಕೊಂಡು, ಹೊರದಾರಿಯ ಬಾಗಿಲಿನವರೆಗೆ ತಂದು ಬಿಡುತ್ತದೆ. ತಾನು ಒಳಗೇ ಉಳಿಯುತ್ತದೆ.

ಎಳೆಗಿಂತ ಮೊದಲು, ಅದನ್ನು ಮೋಟಾರಿಗೆ ಜೋಡಿಸುವ ಬುಡದ ಕೊಕ್ಕೆ ಮುಗಿಯಬೇಕು. ಅದರ ಉದ್ದ ಸುಮಾರು 55 ನ್ಯಾನೊಮೀಟರ್. ಅಳತೆಗೋಲು ಫ್ಲಿ-ಕೆ ಎಂಬ ಇನ್ನೊಂದು ಪ್ರೋಟೀನು. ಅದಿಲ್ಲದ ಬ್ಯಾಕ್ಟೀರಿಯಾದಲ್ಲಿ ಕೊಕ್ಕೆ ಸುಮ್ಮನೆ ಉದ್ದವಾಗುತ್ತಲೇ ಹೋಗುತ್ತದೆ, ಎಳೆ ಬರುವುದೇ ಇಲ್ಲ. ಕೊಕ್ಕೆ ಮುಗಿಯುವ ತನಕ ಫ್ಲಾಜೆಲಿನ್ನಿನ ಜೀನ್ ಕೆಲಸ ಶುರುಮಾಡದಂತೆ ಫ್ಲಗ್-ಎಂ ಎಂಬ ಮತ್ತೊಂದು ಪ್ರೋಟೀನು ತಡೆದಿಟ್ಟಿರುತ್ತದೆ. ಮುಗಿದದ್ದು ಗೊತ್ತಾಗುವುದು ಹೇಗೆ? ಇಲ್ಲಿನ ಜಾಣತನ ನನಗೆ ಎಷ್ಟು ಸಲ ಓದಿದರೂ ಹಳತಾಗಿಲ್ಲ. ಕೊಕ್ಕೆ ಅಳತೆಗೆ ಬಂದೊಡನೆ ಹೊರದಾರಿ ಹೊಸ ಬಗೆಯ ಸರಕಿಗೆ ತೆರೆದುಕೊಳ್ಳುತ್ತದೆ, ಮತ್ತು ಆ ಸರಕಿನಲ್ಲಿ ಫ್ಲಗ್-ಎಂ ಕೂಡ ಸೇರಿದೆ. ಜೀವಕೋಶ ಯಾರಿಂದಲೂ ವರದಿ ತರಿಸಿಕೊಳ್ಳುವುದಿಲ್ಲ; ತಡೆಗಾರನನ್ನೇ ಹೊಸದಾಗಿ ಕಟ್ಟಿದ ಕೊಳವೆಯಿಂದ ಆಚೆ ದಬ್ಬುತ್ತದೆ. ತಡೆ ಹೋಯಿತು, ಜೀನ್ ಎದ್ದಿತು.

ಇಷ್ಟಾದರೂ ತುದಿ ತಲುಪಿದ ಫ್ಲಾಜೆಲಿನ್ ತಾನಾಗಿ ಜಾಗ ಹಿಡಿಯಲಾರದು. ಅಲ್ಲಿ ಐದು ಫ್ಲಿ-ಡಿ ಅಣುಗಳ ಮುಚ್ಚಳವಿದೆ. ಜಪಾನಿನ ಕೆಯಿಚಿ ನಾಂಬಾ ಅವರ ತಂಡ 2000ದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ತೋರಿಸಿದಂತೆ, ಈ ಮುಚ್ಚಳ ಸ್ವಲ್ಪಸ್ವಲ್ಪವೇ ತಿರುಗುತ್ತ ಒಂದೊಂದು ಅಣುವಿಗೂ ಸ್ಥಳ ಮಾಡಿಕೊಡುತ್ತದೆ. ಫ್ಲಿ-ಡಿ ಇಲ್ಲದ ಬ್ಯಾಕ್ಟೀರಿಯಾ ಕೂಡ ಫ್ಲಾಜೆಲಿನ್ ತಯಾರಿಸುತ್ತದೆ, ಹೊರಕ್ಕೂ ಕಳಿಸುತ್ತದೆ. ಅದೆಲ್ಲ ಸುತ್ತಲಿನ ದ್ರವದಲ್ಲಿ ಕರಗಿಹೋಗುತ್ತದೆ.