ಜೋಳಿಗೆಗೆ ಬೀಳದ ಚಟ

ಇಳಕಲ್ಲಿನ ಮಹಾಂತಪ್ಪಗಳು ಜೋಳಿಗೆ ಹಿಡಿದು ಚಟ ಬೇಡಿದ ಕಾಲದಲ್ಲಿ ಬೀಡಿ, ಗುಟ್ಕಾ, ಸಾರಾಯಿ ಕಣ್ಣಿಗೆ ಕಾಣುತ್ತಿದ್ದವು. ಇಂದಿನ ವೇಪ್ ಪೆನ್ನಿನಂತಿದೆ. ಚಿಕಿತ್ಸೆಗೆ ಸೇರಿದ ಹುಡುಗ ವ್ಯಸನಮುಕ್ತಿ ಕೇಂದ್ರದ ಹಾಸಿಗೆಯಲ್ಲೇ ಕೂತು ಸೇದಬಹುದು. ಬಂದರೆ ಹಣ್ಣಿನ ವಾಸನೆ.

"ಬರೀ ಆವಿ" ಎನ್ನುವವರಿಗೆ ಎಂಜಿನಿಯರನಾಗಿ ಹೇಳುತ್ತೇನೆ: ಅದರೊಳಗಿರುವುದು ಬ್ಯಾಟರಿ, ತಂತಿಸುರುಳಿ, ದ್ರವ, ಅಷ್ಟೇ. ಗಾಂಜಾ ಎಣ್ಣೆ ತುಂಬಿದರೆ ಗಾಂಜಾವೇ ಎದೆಗಿಳಿಯುತ್ತದೆ. ಕೃತಕ ಗಾಂಜಾ ತುಂಬಿದರಂತೂ ಸಾಮಾನ್ಯ ಮೂತ್ರಪರೀಕ್ಷೆಗೂ ಸಿಗದು. ಅಮೆರಿಕದಲ್ಲಿ 2019ರಲ್ಲಿ ವೇಪ್ ಸೇದಿದವರ ಶ್ವಾಸಕೋಶ ಕೆಡತೊಡಗಿತು; ಗಾಂಜಾ ಎಣ್ಣೆಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಕಂಡುಬಂತು. 2020ರ ಫೆಬ್ರುವರಿ ಹೊತ್ತಿಗೆ 2,807 ಪ್ರಕರಣ, 68 ಸಾವು.

ನಮ್ಮ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಮಾರಾಟ, ದಾಸ್ತಾನು 2019ರಿಂದಲೇ ನಿಷಿದ್ಧ. ಆದರೂ ಸಿಗುತ್ತದೆ, ಏಕೆಂದರೆ ಕೇಳುವವರಿಲ್ಲ.

ಆಗಸ್ಟ್ 1ರ ವ್ಯಸನಮುಕ್ತ ದಿನದಂದು ನಮ್ಮ ಮಠಗಳಲ್ಲಿ ಇನ್ನೂ ಬಾಟಲಿಯ ಚಿತ್ರವೇ ಏಕೆ? ಈ ಯಂತ್ರವನ್ನು ತಾಯಂದಿರಿಗೆ ತೋರಿಸಿ. ಸೇದಿ ಸಿಕ್ಕಿಬಿದ್ದವನನ್ನು ಹೊರದಬ್ಬುವ ಕೇಂದ್ರಗಳಿಗೂ ಒಂದು ಮಾತು: ಮತ್ತೆ ಜಾರುವುದು ಆ ರೋಗದ ಲಕ್ಷಣ. ಅಫೀಮು ಜಾತಿಯ ಮದ್ದು ಕೆಲವು ವಾರ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಾಳದು. ಬೀದಿಗೆ ಬಿದ್ದವನು ಸತ್ತೇ ಹೋದಾನು. ಯಂತ್ರ ಕಿತ್ತುಕೊಳ್ಳಿ, ತಂದುಕೊಟ್ಟವರನ್ನು ಪೊಲೀಸರಿಗೆ ಒಪ್ಪಿಸಿ, ಸೇದಿದ್ದೇನೆಂದು ವೈದ್ಯರಿಗೆ ತಿಳಿಸಿ. ಹುಡುಗ ಅಲ್ಲೇ ಇರಲಿ.